ಫಾನ್ ಬರೆದುಕೊಟ್ಟ ಹೆಸರು

ಹೊಡೆಯುವುದನ್ನೇ ಕಸುಬು ಮಾಡಿಕೊಂಡ ಜನ ನಮ್ಮ ಹಾಂಗ್‌ಕಾಂಗಿನಲ್ಲಿ ಹಲವು ಬಗೆಯವರಿದ್ದರು. ಅವರಲ್ಲಿ ಮರ್ಯಾದಸ್ಥರು ಯಾರು ಎಂದು ಕೇಳಿದರೆ, ಹೆಬ್ಬಾತು ಕೊರಳಿನ ಸೇತುವೆಯ ಕೆಳಗೆ ಕೂರುವ ಮುದುಕಿಯರು ಎಂದು ಎದೆ ತಟ್ಟಿ ಹೇಳುತ್ತೇನೆ. ಅವರು ಹೊಡೆಯುವುದು ಕಾಗದಕ್ಕೆ. ನಿಮ್ಮ ಹೊಟ್ಟೆ ಉರಿಸಿದವನ ಹೆಸರು ಹೇಳಿ. ಅದನ್ನು ಒಂದು ಕಾಗದದ ಬೊಂಬೆಯ ಮೇಲೆ ಬರೆದು, ಇಟ್ಟಿಗೆಯ ಮೇಲಿಟ್ಟು, ಹಳೆ ಚಪ್ಪಲಿಯಿಂದ ಚಿಂದಿಯಾಗುವ ತನಕ ಬಡಿಯುತ್ತಾರೆ. ಬಾಯಿಗೊಂದು, ಕೈಗೊಂದು, ಕಾಲಿಗೊಂದು ಶಾಪ. ಆಮೇಲೆ ಚಿಂದಿಯನ್ನು ಸುಟ್ಟು, 'ಹೋಗು ಮಗಳೇ, ಇನ್ನು ನಿದ್ದೆ ಮಾಡು' ಎನ್ನುತ್ತಾರೆ. ಯಾರ ಹಲ್ಲೂ ಉದುರುವುದಿಲ್ಲ, ಯಾರ ಹೆಣವೂ ಬೀಳುವುದಿಲ್ಲ.

ಆ ಮುದುಕಿಯರ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆಯುವವಳು ಸೇ-ಪೋ. ನಾಲ್ಕನೇ ಅಜ್ಜಿ ಎಂದು ಅರ್ಥ, ಅವಳ ನಿಜವಾದ ಹೆಸರು ಅವಳಿಗೇ ಮರೆತುಹೋಗಿರಬೇಕು. ಎಪ್ಪತ್ತೊಂಬತ್ತು ವರ್ಷ, ಒಣಗಿದ ಮೀನಿನ ಹಾಗೆ ಮೈ, ಆದರೆ ಚಪ್ಪಲಿ ಎತ್ತಿದಳೆಂದರೆ ಟ್ರಾಮಿಗೆ ಕಾಯುವವರು ತಿರುಗಿ ನೋಡುತ್ತಿದ್ದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ರಜದ ದಿನಗಳಲ್ಲಿ ಪಕ್ಕದಲ್ಲಿ ಕೂತು ಗಿರಾಕಿಗಳು ಹೇಳಿದ ಹೆಸರನ್ನು ಬೊಂಬೆಯ ಮೇಲೆ ಬರೆದುಕೊಡುತ್ತಿದ್ದವಳು ಅವಳ ಸೊಸೆ ಶೆಕ್ ಯೂಕ್-ಫಾನ್. ಈ ಕತೆ ಆ ಫಾನ್‌ಳದು.

ಫಾನ್‌ಗೆ ಐವತ್ತೆರಡು. ವಿಧವೆ, ಮಕ್ಕಳಿಲ್ಲ. ಉಳಿದ ದಿನಗಳಲ್ಲಿ ಅವಳದು ಸರ್ಕಾರಿ ಕೆಲಸ. ಒಂದು ಇಲಾಖೆಯ ನೆಲಮಾಳಿಗೆಯಲ್ಲಿ ಹಳೆ ಕಡತಗಳನ್ನು ಸುಡುವ ಕುಲುಮೆ ಇತ್ತು, ಅದರ ಮುಂದೆ ಕೂತು ಕಾಗದದಿಂದ ಗುಂಡುಪಿನ್ನು, ಕ್ಲಿಪ್ಪು, ದಾರ ಬಿಡಿಸುವುದು ಅವಳ ಕೆಲಸ. ಲೋಹ ಒಳಗೆ ಹೋದರೆ ಕುಲುಮೆಯ ಬಾಯಿ ಕಟ್ಟುತ್ತದೆ. ಹಾಗಾಗಿ ಒಂದೊಂದು ಹಾಳೆಯೂ ಅವಳ ಬೆರಳನ್ನು ದಾಟಿಯೇ ಬೆಂಕಿಗೆ ಹೋಗಬೇಕು. ಓದಬಾರದು ಎಂಬುದು ಕಟ್ಟಪ್ಪಣೆ. ಮೂವತ್ತು ವರ್ಷ ಅವಳು ಓದಿರಲೂ ಇಲ್ಲ. ಬರೆದ ಕಾಗದವನ್ನು ತುಳಿಯಬಾರದು, ಕಸಕ್ಕೆ ಹಾಕಬಾರದು, ಮರ್ಯಾದೆಯಿಂದ ಸುಡಬೇಕು ಎಂದು ಅವಳ ಅಪ್ಪ ಹೇಳಿಕೊಟ್ಟಿದ್ದ. ಸಂಬಳ ಕೊಟ್ಟು ಅದನ್ನೇ ಮಾಡು ಎಂದರೆ ಬೇಡ ಎನ್ನುವವರು ಯಾರು?

ಆ ವರ್ಷ, ಅಂದರೆ ತೊಂಬತ್ತೇಳರ ಜೂನಿನಲ್ಲಿ, ಕುಲುಮೆ ಆರುತ್ತಲೇ ಇರಲಿಲ್ಲ. ತಿಂಗಳ ಕೊನೆಗೆ ಬಿಳಿಯರು ಬಾವುಟ ಮಡಚಿಕೊಂಡು ಹಡಗು ಹತ್ತುವವರು, ಮರುದಿನದಿಂದ ಊರು ಚೀನಾಕ್ಕೆ ಸೇರುವುದು. ಬಿಟ್ಟು ಹೋಗಬಾರದ್ದನ್ನೆಲ್ಲ ಮೂಟೆಗಟ್ಟಲೆ ಕೆಳಗೆ ಇಳಿಸುತ್ತಿದ್ದರು. ಫಾನ್ ಮತ್ತು ಕುಲುಮೆಯ ದಪ್ಪ ಲಾಮ್ ಮಸಿ ಮೆತ್ತಿಕೊಂಡು ಕೆಮ್ಮುತ್ತ ದುಡಿಯುತ್ತಿದ್ದರು.

ಒಂದು ಬೆಳಿಗ್ಗೆ ಇಬ್ಬರನ್ನೂ ಮೇಲಕ್ಕೆ ಕರೆದರು. ಸಭಾಂಗಣದಲ್ಲಿ ಗುಮಾಸ್ತರು, ಡ್ರೈವರುಗಳು, ಚಹಾ ಕೊಡುವ ಹೆಂಗಸರು, ಎಲ್ಲರೂ ನಿಂತಿದ್ದರು. ಮಿಸ್ ಚಿಯುಂಗ್ ಎಂಬ ಅಧಿಕಾರಿಣಿ ಕನ್ನಡಕ ಏರಿಸಿಕೊಂಡು ಒಂದು ಕಾಗದ ಓದಿದಳು. ಸರ್ಕಾರದ ಗುಟ್ಟು ಹೊರಗೆ ಹೇಳಬಾರದು ಎಂಬ ಕಾನೂನು ಇಷ್ಟು ದಿನ ಲಂಡನ್ನಿನದಾಗಿತ್ತು. ಲಂಡನ್ ಹೋದರೆ ಅದೂ ಹೋಗುತ್ತದೆ. ಆದ್ದರಿಂದ ಅದನ್ನೇ ನಮ್ಮ ಊರಿನ ಕಾನೂನಾಗಿ ಮಾಡಿದ್ದಾರೆ. ಎಲ್ಲರೂ ಮತ್ತೆ ರುಜು ಹಾಕಬೇಕು.

"ಅಂದ್ರೆ ಬಿಳಿ ದೆವ್ವ ಮನೆ ಖಾಲಿ ಮಾಡುತ್ತೆ, ಬೀಗ ಮಾತ್ರ ನಮ್ಮ ಬಾಯಿಗೆ ಹಾಕಿಟ್ಟು ಹೋಗುತ್ತೆ," ಎಂದು ಲಾಮ್ ಫಾನ್‌ಳ ಕಿವಿಯಲ್ಲಿ ಹೇಳಿದ.

"ಸುಮ್ನಿರೋ."

"ಮೇಡಂ, ನಂದೊಂದು ಪ್ರಶ್ನೆ," ಲಾಮ್ ಕೈ ಎತ್ತಿದ. "ಕಾಗದ ಸುಟ್ಟಾಯ್ತು. ಅದರಲ್ಲಿದ್ದದ್ದು ತಲೇಲಿ ಉಳ್ಕೊಂಡ್ರೆ ತಲೆನೂ ಕುಲುಮೆಗೆ ಹಾಕ್ಬೇಕಾ?"

ಎಲ್ಲರೂ ನಕ್ಕರು. ಮಿಸ್ ಚಿಯುಂಗ್ ನಗಲಿಲ್ಲ. "ತಲೆಯಲ್ಲಿರೋದೂ ಗುಟ್ಟೇ, ಲಾಮ್. ನಿವೃತ್ತಿ ಆದ್ಮೇಲೂ ಗುಟ್ಟೇ. ಜನಕ್ಕೆ ಒಳ್ಳೇದಾಗ್ಲಿ ಅಂತ ಹೇಳ್ದೆ ಅಂದ್ರೂ ಕಾನೂನು ಕೇಳಲ್ಲ. ಪಿಂಚಣಿ ಹೋಗುತ್ತೆ, ಜೈಲಾಗುತ್ತೆ. ಅರ್ಥ ಆಯ್ತಾ?"

"ಆಯ್ತು ಮೇಡಂ. ಹೆಂಡ್ತಿ ಹತ್ರ ಮಾತಾಡದೇ ಇರೋಕೆ ಒಂದು ಕಾನೂನು ಬೇಕಿತ್ತು ನಂಗೂ."

ಫಾನ್‌ಗೆ ಈ ಬೀಗ ಹೊಸದಲ್ಲ. ಅರವತ್ತೇಳರಲ್ಲೇ ಅವಳು ಲಂಡನ್ನಿನ ಕಾನೂನಿಗೆ ರುಜು ಹಾಕಿದವಳು. ಅಂದಿನಿಂದ ಅವಳ ಹೊಟ್ಟೆಯಲ್ಲಿ ಒಂದೇ ಒಂದು ಗುಟ್ಟಿತ್ತು. ಅದು ಸರ್ಕಾರದ್ದೋ ಅವಳದ್ದೋ ಎಂದು ಅವಳಿಗೇ ಗೊತ್ತಾಗದಷ್ಟು ಕಾಲವಾಗಿತ್ತು. ರುಜುವಿನ ಬದಲು ತನ್ನ ಹೆಸರಿನ ಮರದ ಮೊಹರಿಗೆ ಕೆಂಪು ಹಚ್ಚಿ ಒತ್ತಿ ಕೆಳಗಿಳಿದಳು.

ಆ ಗುಟ್ಟನ್ನು ಈಗಲೇ ಹೇಳಿಬಿಡುತ್ತೇನೆ, ನನಗೆ ಯಾವ ಕಾನೂನೂ ಇಲ್ಲ.

ಅರವತ್ತೇಳರ ಬೇಸಿಗೆ. ಊರಿಗೆ ಊರೇ ಹೊತ್ತಿಕೊಂಡಿತ್ತು. ಕಾರ್ಖಾನೆಗಳಲ್ಲಿ ಮುಷ್ಕರ, ಬೀದಿಯಲ್ಲಿ ಕಲ್ಲು, ಪೊಲೀಸರ ದೊಣ್ಣೆ, ಅಶ್ರುವಾಯು. ಫಾನ್‌ಳ ಗಂಡ ಲೋ ಯಿಕ್-ಶಾನ್ ಬಣ್ಣದ ಕಾರ್ಖಾನೆಯ ಕೂಲಿ. ಇಪ್ಪತ್ತಾರು ವರ್ಷ, ಒಳ್ಳೆಯವನೇ, ಆದರೆ ತಲೆಗೆ ಬಿಸಿ ಏರಿತ್ತು. ಕಾರ್ಖಾನೆಯ ಹಿಂದಿನ ಪೀಪಾಯಿ ಶೆಡ್ಡಿನಲ್ಲಿ ಅವನೂ ಇನ್ನು ನಾಲ್ವರೂ ಸೇರಿ ಬಿಸ್ಕತ್ತಿನ ಡಬ್ಬಿಗಳಿಗೆ ಮದ್ದು, ಮೊಳೆ ತುಂಬುತ್ತಿದ್ದರು. ಅಂಥ ಬಾಂಬಿಗೆ ಜನ ಅನಾನಸ್ ಎನ್ನುತ್ತಿದ್ದರು. ಒಂದು ದಿನ ಮಾರುಕಟ್ಟೆಯ ಬಾಯಲ್ಲಿ ಒಂದು ಅನಾನಸ್ ಸಿಡಿಯಿತು. ಮೀನು ಮಾರುವವಳ ಕಾಲು ಮೊಳಕಾಲಿನಿಂದ ಕೆಳಗೆ ಇಲ್ಲವಾಯಿತು. ಫಾನ್ ಹತ್ತು ಹೆಜ್ಜೆ ದೂರದಲ್ಲಿದ್ದಳು. ಐಸಿನ ಮೇಲೆ ಮೀನಿನ ರಕ್ತ ಯಾವುದು, ಹೆಂಗಸಿನ ರಕ್ತ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆ ಹೆಂಗಸು ಕಿರುಚಲೂ ಇಲ್ಲ, ತನ್ನ ಕಾಲಿಗಾಗಿ ಸುತ್ತ ತಡಕಾಡುತ್ತಿದ್ದಳು.

ಮನೆಗೆ ಬಂದು ಗಂಡನ ಕೊರಳಪಟ್ಟಿ ಹಿಡಿದಳು. "ನಿಮ್ಮದಾ ಅದು?"

"ಪೊಲೀಸ್ ಜೀಪಿಗೆ ಇಟ್ಟಿದ್ದು. ತಪ್ಪಿಹೋಯ್ತು. ಬಿಡು, ಹೋರಾಟ ಅಂದ್ರೆ ಹಂಗೇ."

"ನಾಳೆ ನನ್ನ ಕಾಲು ತಪ್ಪಿಹೋದ್ರೆ?"

"ನೀನು ಮನೇಲಿರು," ಎಂದು ಅವನು ಅನ್ನದ ಬಟ್ಟಲಿಗೆ ಕೈ ಹಾಕಿದ.

ಮರುದಿನ ಮಧ್ಯಾಹ್ನ ತರಕಾರಿ ಬುಟ್ಟಿ ಹಿಡಿದು ಅವಳು ಠಾಣೆಗೆ ಹೋದಳು. ಸಾರ್ಜೆಂಟ್ ಟೋಂಗ್ ಎಂಬವನ ಮುಂದೆ ಕೂತು ಪೀಪಾಯಿ ಶೆಡ್ಡಿನ ಗುರುತು ಹೇಳಿದಳು. "ಡಬ್ಬಿಗಳನ್ನ ತಗೊಂಡು ಹೋಗಿ. ಅವನಿಗೆ ಎರಡು ಹೆದರಿಸಿ ಕಳ್ಸಿ, ಅಣ್ಣಾ. ಹೊಡೀಬೇಡಿ. ಮೈ ಬಲ ಇಲ್ಲ ಅವನಿಗೆ."

"ನಮ್ಮ ತಮ್ಮನ ಹಾಗೆ ನೋಡ್ಕೋತೀವಿ, ತಂಗಿ," ಎಂದು ಟೋಂಗ್ ಅವಳಿಗೆ ಹಾಲು ಹಾಕಿದ ಚಹಾ ತರಿಸಿದ.

ಆ ರಾತ್ರಿ ಶೆಡ್ಡಿನಲ್ಲಿ ಪೊಲೀಸರ ಕೈಗೆ ಸಿಕ್ಕವನು ಯಿಕ್-ಶಾನ್ ಒಬ್ಬನೇ. ಮೂರನೆಯ ದಿನ ಅವನ ಹೆಣ ಕೊಟ್ಟರು. ಠಾಣೆಯ ಮೆಟ್ಟಿಲಿನಿಂದ ಹಾರಿದನಂತೆ. ಮೈ ತೊಳೆದವಳು ಸೇ-ಪೋ. ಮೆಟ್ಟಿಲಿನಿಂದ ಹಾರಿದರೆ ಅಂಗಾಲು ಕುಂಬಳಕಾಯಿಯ ಹಾಗೆ ಊದುತ್ತದೆಯೇ? ಉಗುರು ಕೀಳುತ್ತದೆಯೇ? ಎಡಗಡೆಯ ಪಕ್ಕೆಲುಬು ಒತ್ತಿದರೆ ಕೈ ಒಳಗೇ ಹೋಯಿತು. ಅವಳು ಮಗನ ಬಾಯಿ ತೆರೆದು ನೋಡಿ ಮುಂದಿನ ಹಲ್ಲುಗಳನ್ನು ಎಣಿಸಿದಳು, ನಾಲ್ಕಿರಲಿಲ್ಲ. ಅವಳು ಅಳಲಿಲ್ಲ. "ಹೊಡೆದೋರು ನಾಯಿಗಳು, ನಾಯಿಗೆ ಹೆಸರಿಲ್ಲ," ಎಂದಳು. "ತೋರಿಸಿಕೊಟ್ಟೋನು ಮನುಷ್ಯ. ಅವನಿಗೆ ಹೆಸರಿದೆ. ಅದು ಬೇಕು ನಂಗೆ."

ಹೆಸರು ಹುಡುಕಲು ದೂರ ಹೋಗಬೇಕಾಗಲಿಲ್ಲ. ಪಕ್ಕದ ಕೋಣೆಯ ದರ್ಜಿ ಕೋ ಪಾಕ್-ನಿನ್ ಪೊಲೀಸರ ಖಾಕಿ ಚಡ್ಡಿಗಳನ್ನು ಹೊಲಿಯುತ್ತಿದ್ದ. ಯಿಕ್-ಶಾನ್‌ನನ್ನು ಹಿಡಿದುಕೊಂಡು ಹೋದ ದಿನ ಬೆಳಿಗ್ಗೆಯೂ ಗಂಟು ಹೊತ್ತು ಠಾಣೆಗೆ ಹೋಗಿದ್ದ. ಇನ್ನೇನು ಬೇಕು? ಸೇ-ಪೋ ಓಣಿಯಲ್ಲೆಲ್ಲ ಅವನ ಹೆಸರು ಕೂಗಿದಳು. ಹೆಣ ಹೂತ ಐದನೆಯ ದಿನ, ಹಾಡುಹಗಲಲ್ಲಿ, ಯಿಕ್-ಶಾನ್‌ನ ಗೆಳೆಯರು ನಾಲ್ವರು ಮೆಟ್ಟಿಲ ಮೇಲೆ ಕೋನನ್ನು ಅಡ್ಡಗಟ್ಟಿದರು. ಇಬ್ಬರು ಹಿಡಿದರು, ಒಬ್ಬ ಅವನ ಬಲಗೈಯನ್ನು ಕಟಕಟೆಯ ಮೇಲೆ ಚಾಚಿದ, ನಾಲ್ಕನೆಯವನು ಹಂದಿ ಕಡಿಯುವ ಕತ್ತಿ ಎತ್ತಿದ. ಒಂದೇ ಏಟಿಗೆ ಆಗಲಿಲ್ಲ, ಮೂರು ಬೇಕಾಯಿತು. ನೀರಿನ ಬಿಂದಿಗೆ ಹೊತ್ತು ಮೇಲೆ ಬರುತ್ತಿದ್ದ ಫಾನ್ ಕೆಳಗಿನ ತಿರುವಿನಲ್ಲೇ ಕಲ್ಲಾಗಿ ನಿಂತಳು. ಕೈ ಉರುಳಿ ಎರಡು ಮೆಟ್ಟಿಲು ಕೆಳಗೆ ಬಂತು. ಬೆರಳುಗಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಇನ್ನೂ ಹಿಡಿದುಕೊಂಡಿದ್ದವು.

'ಅವನಲ್ಲ, ನಾನು' ಎನ್ನುವ ಮಾತು ಅವಳ ಗಂಟಲಿಗೆ ಬಂದಿತ್ತು. ಬರಲಿಲ್ಲ ಎಂದು ಅವಳೂ ಯಾವತ್ತೂ ಹೇಳಿಲ್ಲ. ಆದರೆ ಕತ್ತಿ ಇನ್ನೂ ತೊಟ್ಟಿಕ್ಕುತ್ತಿತ್ತು, ಅವಳಿಗೆ ಇಪ್ಪತ್ತೆರಡು ವರ್ಷ. ಮುಂದಿನ ವಾರ ಟೋಂಗ್ ಒಬ್ಬ ಬಿಳಿಯ ಅಧಿಕಾರಿಯ ಹತ್ತಿರ ಕರೆದುಕೊಂಡು ಹೋಗಿ ಇಲಾಖೆಯ ಕುಲುಮೆಯ ಕೋಣೆಯಲ್ಲಿ ಕೆಲಸ ಕೊಡಿಸಿದ. "ನಿನ್ನ ಹೆಸರು ಯಾವತ್ತೂ ಹೊರಗೆ ಬರಲ್ಲ ತಂಗಿ, ಕಾನೂನಿದೆ. ನೀನೂ ಬಾಯಿ ಬಿಡಂಗಿಲ್ಲ. ಇಲ್ಲಿ ರುಜು ಹಾಕು." ಹಾಕಿದಳು. ಹೊಟ್ಟೆಗೆ ಅನ್ನ, ಬಾಯಿಗೆ ಬೀಗ, ಎರಡೂ ಒಂದೇ ದಿನ ಸಿಕ್ಕವು.

ಮುಂದೆ ಆ ಹಳೆ ಕಟ್ಟಡ ಕೆಡವಿ ಓಣಿಯ ಜನವನ್ನೆಲ್ಲ ಸರ್ಕಾರ ಹದಿನೆಂಟು ಮಹಡಿಯ ಒಂದೇ ವಸತಿಗೆ ಎತ್ತಿಹಾಕಿತು. ಕೋ ಏಳನೆಯ ಮಹಡಿ, ಇವರು ಎಂಟನೆಯದು. ಕೈಯಿಲ್ಲದ ದರ್ಜಿ ಬಾಗಿಲು ಕಾಯುವುದು, ಲಾಟರಿ ಚೀಟಿ ಮಾರುವುದು, ಏನೇನೋ ಮಾಡಿ ಬದುಕಿದ. ಲಿಫ್ಟಿನಲ್ಲಿ ಎದುರಾದರೆ ಸೇ-ಪೋ ಅವನ ಕಾಲ ಬಳಿ ಉಗುಳುತ್ತಿದ್ದಳು. ಅವನು ಗೋಡೆ ನೋಡುತ್ತಿದ್ದ. ಮುದುಕಿ ಹೊಡೆಯುವ ಕಸುಬಿಗೆ ಕೂತದ್ದೂ ಅವನಿಂದಲೇ. ಪ್ರತಿ ಮಾರ್ಚಿನಲ್ಲಿ, ಗುಡುಗಿಗೆ ಹುಳುಹುಪ್ಪಟೆ ಏಳುತ್ತವೆ ಎಂದು ನಮ್ಮ ಪಂಚಾಂಗ ಹೇಳುವ ದಿನ, ಅವಳು ಗಿರಾಕಿಗಳಿಗಿಂತ ಮೊದಲು ಒಂದು ಬೊಂಬೆಯನ್ನು ತನಗಾಗಿ ತೆಗೆದಿಡುತ್ತಿದ್ದಳು. "ಬರಿ ಕಣೇ ಫಾನ್, ಆ ಹಲ್ಕಾ ನನ್ಮಗನ ಹೆಸರು." ಫಾನ್ ಬರೆಯುತ್ತಿದ್ದಳು. ಕೋ ಪಾಕ್-ನಿನ್. ಮೂವತ್ತು ವರ್ಷ, ಮೂವತ್ತು ಸಲ, ಒಂದು ಗೆರೆಯೂ ತಪ್ಪದಂತೆ.

ರುಜು ಹಾಕಿದ ಮೇಲೆ ಹತ್ತು ದಿನಕ್ಕೆ, ಕೊನೆಯ ಶುಕ್ರವಾರ, ಉಕ್ಕಿನ ಕಪಾಟಿನಿಂದ ಕೊನೆಯ ಮೂಟೆ ಬಂತು. ಲಾಮ್ ಕುಲುಮೆಯ ಬೂದಿ ಬಾಚುತ್ತಿದ್ದ. ಫಾನ್ ಪಿನ್ನು ಕೀಳುತ್ತ ಕೂತಳು. ತುಕ್ಕು ಹಿಡಿದ ಒಂದು ಪಿನ್ನು ಬರದೆ ಬೆರಳಿಗೆ ಚುಚ್ಚಿತು. ಹಾಳೆಯನ್ನು ಬೆಳಕಿಗೆ ಹಿಡಿದು ಜಗ್ಗುವಾಗ ಕಣ್ಣಿಗೆ ಬಿದ್ದದ್ದು ಅವಳದೇ ಹೆಸರು. ಶೆಕ್ ಯೂಕ್-ಫಾನ್.

ಕೈಬರಹದ ಚೀನೀ ಅಕ್ಷರಗಳು, ಕೆಳಗೆ ಟೋಂಗ್‌ನ ರುಜು, ಪಕ್ಕದಲ್ಲಿ ಬಿಳಿಯನದೊಂದು ಗೀಚು. ಆ ಒಂದು ಹಾಳೆಯನ್ನು ಅವಳು ಓದಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ.

'ಮಾಹಿತಿ ಕೊಟ್ಟವಳು ಹೆಂಡತಿ, ಶೆಕ್ ಯೂಕ್-ಫಾನ್. ಗುಟ್ಟಾಗಿಡುವುದು. ಓಣಿಯವರ ಅನುಮಾನ ದರ್ಜಿ ಕೋ ಪಾಕ್-ನಿನ್‌ನ ಮೇಲಿದೆ. ಅವನಿಗೆ ಏಟು ಬೀಳುವ ಸಂಭವವಿದೆ. ಎಚ್ಚರಿಸುವುದು ಬೇಡ, ಅನುಮಾನ ಹಾಗೇ ಇರಲಿ. ನಮ್ಮವಳಿಗೆ ಅದೇ ಕಾವಲು.'

ತಾರೀಕು ನೋಡಿದಳು. ದರ್ಜಿಯ ಕೈ ಕಡಿಯುವುದಕ್ಕೆ ಎರಡು ದಿನ ಮುಂಚಿನದು.

"ನಮ್ಮವಳಿಗೆ," ಎಂದು ಫಾನ್ ಗಟ್ಟಿಯಾಗಿ ಹೇಳಿದಳು.

"ಏನು ಅಕ್ಕಾ?" ಲಾಮ್ ತಿರುಗಿದ. "ಯಾಕೆ ಹಿಂಗೆ ಬೆವರ್ತಿದ್ದೀಯ? ಗುಟ್ಟೇನಾದ್ರೂ ಓದಿಬಿಟ್ಯಾ?"

"ಪಿನ್ನು ಚುಚ್ತು," ಎಂದಳು. ಹಾಳೆಯನ್ನು ತಾನೇ ಕುಲುಮೆಯ ಬಾಯಿಗೆ ಹಿಡಿದಳು. ಬಿಡುವುದನ್ನೇ ಮರೆತು ಬೆರಳ ತುದಿಗಳು ಬೆಂದವು. ಲಾಮ್ ಕೂಗಿಕೊಂಡು ಅವಳ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿದ. ಅಪ್ಪಣೆಯ ಪ್ರಕಾರ ಕಾಗದ ಸುಟ್ಟಿತ್ತು. ಇನ್ನು ಆ ಮಾತು ಇದ್ದದ್ದು ಅವಳ ತಲೆಯಲ್ಲಿ ಮಾತ್ರ, ಮತ್ತು ತಲೆಯಲ್ಲಿರುವುದೂ ಗುಟ್ಟೇ.

ಮೂವತ್ತು ವರ್ಷ ಅವಳು ಅಂದುಕೊಂಡಿದ್ದು, ತಾನು ಹೆದರಿ ಸುಮ್ಮನಿದ್ದೆ, ಹೆಣ್ಣು, ಒಂಟಿ, ಏನು ಮಾಡಲಿ ಎಂದು. ಅವಳ ಹೆದರಿಕೆಗೆ ಕಾವಲು ಹಾಕಿದ್ದರು ಎಂದು ಗೊತ್ತಿರಲಿಲ್ಲ. ಆ ಕಾವಲಿಗೆ ಒಬ್ಬನ ಕೈ ಕೊಟ್ಟಿದ್ದರು. ಥೂ, ಎಂಥ ಜನ! ಒಂದು ಚೀಟಿ ಬರೆದು ಕಳಿಸಿದ್ದರೆ ಆ ಮನುಷ್ಯ ಎರಡು ದಿನ ತಂಗಿಯ ಮನೆಗೆ ಹೋಗಿರುತ್ತಿದ್ದ. ಆದರೆ ಬಸ್ಸಿನಲ್ಲಿ ಬರುವಾಗ ಫಾನ್‌ಗೆ ಇನ್ನೊಂದೂ ತಿಳಿಯಿತು. ಅವರು ಬರೆದದ್ದು ಒಂದು ಸಲ, ತಾನು ಬರೆದದ್ದು ಮೂವತ್ತು ಸಲ.

ಹೇಳಬೇಕೋ ಬೇಡವೋ? ಹೇಳಿದರೆ ಪಿಂಚಣಿ ಹೋಗುತ್ತದೆ, ಜೈಲಾದರೂ ಆದೀತು, ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆ. ಹೇಳದಿದ್ದರೆ ಇನ್ನೆರಡು ವರ್ಷಕ್ಕೋ ಮೂರು ವರ್ಷಕ್ಕೋ ಅತ್ತೆ ಸಾಯುತ್ತಾಳೆ, ಕೋ ಸಾಯುತ್ತಾನೆ, ಎಲ್ಲವೂ ತಣ್ಣಗಾಗುತ್ತದೆ. ಆ ರಾತ್ರಿ ಅವಳು ಅತ್ತೆಗೆ ಗಂಜಿ ಬಡಿಸಿದಳು, ಬೆರಳಿಗೆ ಎಣ್ಣೆ ಹಚ್ಚಿಕೊಂಡಳು, ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಮುದುಕಿಗೆ ಮೈಮೇಲೆ ಬಂದಂತಿತ್ತು. ಟೀವಿಯಲ್ಲಿ ಬಿಳಿಯರ ಸೈನಿಕರು ವಾದ್ಯ ಬಾರಿಸುತ್ತಿದ್ದರು. "ನೋಡೇ, ಮಗನ್ನ ಕೊಂದೋರು ಬ್ಯಾಂಡು ಬಾರಿಸ್ಕೊಂಡು ಹೋಗ್ತಾವ್ರೆ. ಅವರನ್ನ ನಾನೇನು ಮಾಡಕ್ಕಾಯ್ತದೆ? ಇಲ್ಲೇ ಕೆಳಗಡೆ ಒಬ್ಬ ಕೂತವ್ನೆ. ಕಾಗದಕ್ಕೆ ಹೊಡೆದು ಹೊಡೆದು ಸಾಕಾಯ್ತು ನಂಗೆ." ಕಸುಬಿನ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಫಾನ್ ಮೆಟ್ಟಿಲಿಳಿದು ಓಡುವಷ್ಟರಲ್ಲಿ ಏಳನೆಯ ಮಹಡಿಯ ಲಿಫ್ಟಿನ ಬಾಗಿಲು ತೆರೆದಿತ್ತು. ಕೋ ಎಡಗೈಯಲ್ಲಿ ಸೊಪ್ಪಿನ ಚೀಲ ಹಿಡಿದು ಹೊರಗೆ ಕಾಲಿಡುತ್ತಿದ್ದ. ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದಕ್ಕೆ ಕನ್ನಡಕ ಹಾರಿತು. ಮುಖಕ್ಕೆ ಅಡ್ಡ ಹಿಡಿಯಲು ಅವನಿಗೆ ಇದ್ದದ್ದು ಒಂದೇ ಕೈ, ಅದರಲ್ಲೂ ಚೀಲ. ಬಲಗಡೆಯ ಮೊಂಡು ತೋಳನ್ನು ಎತ್ತಿದ, ಮುದುಕಿ ಅದಕ್ಕೇ ಬಿಟ್ಟಳು. "ಬಾಯಿಗೆ ತಗೋ, ಹೇಳಿದ ಬಾಯಿಗೆ! ನಾಲಿಗೆಗೆ ತಗೋ!" ಅವನು ಹಿಂದಕ್ಕೆ ಬಿದ್ದು ಲಿಫ್ಟಿನ ಬಾಗಿಲ ಕಬ್ಬಿಣಕ್ಕೆ ತಲೆ ಬಡಿಯಿತು. ಬಾಗಿಲು ಮುಚ್ಚಲು ಬಂದು ಅವನ ಸೊಂಟಕ್ಕೆ ತಾಗಿ ತೆರೆದುಕೊಳ್ಳುತ್ತಿತ್ತು, ಮತ್ತೆ ಬರುತ್ತಿತ್ತು. ರಕ್ತ ಕತ್ತಿನಿಂದ ಬನಿಯನ್ನಿಗೆ ಇಳಿಯಿತು. ಪಡಸಾಲೆಯಲ್ಲಿ ಹತ್ತು ಹದಿನೈದು ಬಾಗಿಲು ತೆರೆದವು. ಯಾರೂ ಮುಂದೆ ಬರಲಿಲ್ಲ. ಮೂವತ್ತು ವರ್ಷದಿಂದ ಎಲ್ಲರಿಗೂ ಅವನು ಚಾಡಿಕೋರನೇ.

ಫಾನ್ ನಡುವೆ ನುಗ್ಗಿದಳು. ಚಪ್ಪಲಿಯ ಅಟ್ಟೆ ಅವಳ ಕೆನ್ನೆಗೆ ಬಿದ್ದು ತುಟಿ ಒಡೆಯಿತು.

"ಸರಿಯೇ ಆಚೆ! ನಿನ್ನ ಗಂಡನ್ನ ಮಾರ್ಕೊಂಡೋನು ಕಣೇ ಇವನು!"

"ಇವನಲ್ಲ ಅತ್ತೆ."

"ಇನ್ಯಾರು?"

"ನಾನು. ಠಾಣೆಗೆ ಹೋಗಿ ಹೇಳಿದ್ದು ನಾನು. ಇವನಿಗೆ ಏನೂ ಗೊತ್ತಿಲ್ಲ. ಇವನಿಗೆ ಏಟು ಬೀಳುತ್ತೆ ಅಂತ ಪೊಲೀಸರಿಗೆ ಮೊದಲೇ ಗೊತ್ತಿತ್ತು, ಸುಮ್ನಿದ್ರು. ಕಡತದಲ್ಲಿ ಬರ್ದಿತ್ತು. ನಾನೂ ಸುಮ್ನಿದ್ದೆ."

ಒಂದು ಬಾಗಿಲೊಳಗೆ ಯಾರದೋ ಬಾಣಲೆ ಚುರುಗುಟ್ಟುತ್ತಿದ್ದುದು ಕೇಳಿಸಿತು. ರುಜು ಹಾಕಿ ಹನ್ನೊಂದು ದಿನವಾಗಿತ್ತು. ಇಡೀ ಮಹಡಿಯ ಮುಂದೆ ಫಾನ್ ಕಾನೂನು ಮುರಿದಿದ್ದಳು. ಅದು ಅವಳ ತಲೆಗೇ ಬರಲಿಲ್ಲ. ಅತ್ತೆಯ ಚಪ್ಪಲಿ ಹಿಡಿದ ಕೈಯನ್ನೇ ನೋಡುತ್ತಿದ್ದಳು.

ಮುದುಕಿ ಹೊಡೆಯಲಿಲ್ಲ. ಗೋಡೆಗೆ ಆತುಕೊಂಡು ಕುಸಿದು ಕೂತಳು. "ನನ್ನ ಮಗನಿಗೆ ಕೊನೇ ಊಟ ನೀನೇ ಬಡಿಸಿದ್ದು," ಎಂದಳು. "ಉಪ್ಪು ಮೀನು ಹಾಕಿದ್ದೆ ನೀನು." ಅಷ್ಟೇ.

ಮಾತಾಡಿದವನು ಕೋ. ಲಿಫ್ಟಿನ ಬಾಗಿಲಲ್ಲಿ ಬಿದ್ದಲ್ಲಿಂದಲೇ, ಕಿವಿ ಒತ್ತಿ ಹಿಡಿದುಕೊಂಡು, "ನನ್ನ ಕೈ ಕಡಿದಾಗ ನಿಂಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು, ಕೋ ಅಣ್ಣ. ಕೆಳಗಿನ ತಿರುವಲ್ಲಿ ನಿಂತಿದ್ದೆ."

"ನಿಂತಿದ್ದೆ," ಎಂದ ಅವನು. "ನಾನು ನೋಡ್ದೆ ನಿನ್ನ. ಪಾಪ, ಹುಡುಗಿ ಹೆದರ್ಕೊಂಡಿದೆ ಅಂದ್ಕೊಂಡೆ." ಉರುಳಿದ ಸೊಪ್ಪನ್ನು ಒಂದೊಂದಾಗಿ ಚೀಲಕ್ಕೆ ತುಂಬಿದ. ಫಾನ್ ಬಗ್ಗಿದಾಗ, "ಮುಟ್ಟಬೇಡ," ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಆ ದಿನ ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಫಾನ್ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು, ಮತ್ತೆ ತೆಗೆದಳು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಅದರ ಪಕ್ಕದಲ್ಲೇ ಕೂತಳು. ಪೊಲೀಸರು ಬರಬಹುದು ಎಂದು ಮೆಟ್ಟಿಲ ಸದ್ದಿಗೆ ಕಿವಿ ಕೊಟ್ಟಳು. ಯಾರೂ ಬರಲಿಲ್ಲ. ಬಾವುಟ ಬದಲಾಯಿಸುವ ಗಡಿಬಿಡಿಯಲ್ಲಿ ಕುಲುಮೆಯ ಹೆಂಗಸಿನ ಬಾಯಿ ಯಾರಿಗೆ ಬೇಕು?

ಭಾನುವಾರ ಮಳೆ ಹೊಡೆಯುತ್ತಿತ್ತು. ಮುದುಕಿ ಎದ್ದು ಯಾವತ್ತಿನ ಹಾಗೆ ಇಟ್ಟಿಗೆ, ಬೊಂಬೆ, ಮೇಣದಬತ್ತಿ ಗಂಟು ಕಟ್ಟಿದಳು. ಗಂಟನ್ನು ಫಾನ್‌ಳ ಮುಂದೆ ಒಗೆದಳು. ಫಾನ್ ಅದನ್ನೂ ಮಣೆಯನ್ನೂ ಕೊಡೆಯನ್ನೂ ಹೊತ್ತು ಹಿಂದೆ ನಡೆದಳು. ಸೇತುವೆಯ ಕೆಳಗೆ ಸಂತೆಯಂಥ ಜನ. ಮುಂದೇನಾಗುತ್ತದೋ ಎಂಬ ಭಯಕ್ಕೆ ಊರೆಲ್ಲ ಹೊಡೆಸಲು ಬಂದಿತ್ತು. ಹೆಬ್ಬಾತು ಕೊರಳಿನ ಬಿರುಕುಗಳಿಂದ ನೀರು ಸೋರಿ ಮುದುಕಿಯ ತಲೆಯ ಮೇಲೆ ಬೀಳುತ್ತಿತ್ತು. ಫಾನ್ ಒಂದು ಕೈಯಲ್ಲಿ ಕೊಡೆ ಹಿಡಿದಳು, ಇನ್ನೊಂದರಲ್ಲಿ ಹೆಸರು ಬರೆದಳು. ಬಾಸ್, ಸವತಿ, ಭಾವ, ಬ್ಯಾಂಕಿನವನು.

ನಾಲ್ಕನೆಯ ಗಿರಾಕಿ ಎದ್ದಾಗ ಮಣೆಯ ಮೇಲೆ ಬಂದು ಕೂತವನು ಕೋ. ತಲೆಗೆ ಪಟ್ಟಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲ ತೋಳನ್ನು ಮಡಚಿ ಪಿನ್ನು ಹಾಕಿದ್ದ.

ಸೇ-ಪೋ ತಲೆ ಎತ್ತಿ ಅವನನ್ನು ನೋಡಿದಳು. ಅವನ ಕಾಲು ಹಿಡಿಯುತ್ತಾಳೆ ಎಂದೇ ಫಾನ್‌ಗೆ ಅನ್ನಿಸಿತು. ಹಿಡಿಯಲಿಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವುದನ್ನೇ ಕೇಳಿದಳು.

"ಯಾರಿಗೆ ಹೊಡೀಲಿ?"

"ಶೆಕ್ ಯೂಕ್-ಫಾನ್‌ಗೆ."

"ಎಷ್ಟು ಹೊಡೀಲಿ, ಕೋ ಅಪ್ಪ?"

"ನಾನು ಸಾಕು ಅನ್ನೋ ತನಕ, ಅಕ್ಕ."

ಮುದುಕಿ ಒಂದು ಬೊಂಬೆ ತೆಗೆದು ಪಕ್ಕಕ್ಕೆ ನೋಡದೆ ಸೊಸೆಯ ಕಡೆ ಚಾಚಿದಳು. "ಬರಿಯೇ."

ಫಾನ್ ಬೆಂದ ಬೆರಳುಗಳಲ್ಲಿ ಪೆನ್ನು ಹಿಡಿದಳು. ಒಂದು ಗೆರೆಯೂ ಬಿಡದೆ ಪೂರ್ತಿ ಬರೆದಳು. ಮುದುಕಿ ಅದನ್ನು ಇಟ್ಟಿಗೆಯ ಮೇಲಿಟ್ಟು ಚಪ್ಪಲಿ ಎತ್ತಿದಳು. ಬಾಯಿಗೆ ಹೊಡೆದಳು, ಹೇಳಿದ ಬಾಯಿಗೆ, ಆಮೇಲೆ ಹೇಳದೇ ಇದ್ದ ಬಾಯಿಗೆ. ಕೈಗೆ ಹೊಡೆದಳು, ಹೆಸರು ಬರೆದ ಕೈಗೆ. ಠಾಣೆಗೆ ನಡೆದ ಕಾಲಿಗೆ, ತಿರುವಿನಲ್ಲಿ ನಿಂತ ಕಾಲಿಗೆ. ಒಂದನ್ನೂ ಬಿಡಲಿಲ್ಲ. ಸಾಲಿನ ಇತರ ಮುದುಕಿಯರು ತಮ್ಮ ಚಪ್ಪಲಿಗಳನ್ನು ನಿಲ್ಲಿಸಿ ನೋಡಿದರು. ಅವಳ ಕಣ್ಣಿಂದ ನೀರು ಸುರಿದು ಗಲ್ಲದಿಂದ ಇಟ್ಟಿಗೆಗೆ ಬೀಳುತ್ತಿತ್ತು, ಏಟು ಮಾತ್ರ ನಿಧಾನವಾಗಲಿಲ್ಲ. ಫಾನ್ ಕೊಡೆಯನ್ನು ಅವಳ ತಲೆಯ ಮೇಲಿಂದ ಸರಿಸಲಿಲ್ಲ, ತಾನು ತೊಯ್ದು ತೊಪ್ಪೆಯಾದಳು.

ಕೋ ನೆಟ್ಟಗೆ ಕೂತು ನೋಡುತ್ತಿದ್ದ. ಬೊಂಬೆ ಹರಿದು ಚೂರಾಗಿ ಇಟ್ಟಿಗೆಗೆ ಮೆತ್ತಿಕೊಂಡಿತು. ಅವನು ಸಾಕು ಎನ್ನಲಿಲ್ಲ. ಸೇ-ಪೋ ಉಸಿರು ತಿರುಗಿಸಿಕೊಂಡು, ಚಪ್ಪಲಿಯನ್ನು ಎಡಗೈಗೆ ಬದಲಾಯಿಸಿ, ಇನ್ನೊಂದು ಬೊಂಬೆಯನ್ನು ಸೊಸೆಯ ಕಡೆ ಚಾಚಿದಳು. ಫಾನ್ ಅದನ್ನು ಮೊಳಕಾಲಿನ ಮೇಲಿಟ್ಟುಕೊಂಡು ಮತ್ತೆ ತನ್ನ ಹೆಸರು ಬರೆದುಕೊಟ್ಟಳು.